ಮುನ್ನೂರನೆಯವಳು

ಬೆಳಗಿನ ಜಾವ ಮೂರಕ್ಕೆ ಗೇಟು ತೆಗೆಯುತ್ತೇವೆ.
ನನ್ನ ಕೈಯಲ್ಲಿ ಪುಸ್ತಕ, ಅಂಟುಚೀಟಿಯ ಹಾಳೆ,
ಗಂಗುಲಪ್ಪನ ಕೈಯಲ್ಲಿ ಬ್ಯಾಟರಿ.
ಹದ್ದಿನಕಲ್ಲು ಬೆಟ್ಟಕ್ಕೆ ದಿನಕ್ಕೆ ಮುನ್ನೂರೇ ಮಂದಿ,
ಬಾಟಲಿಗೆ ಇಪ್ಪತ್ತು ರೂಪಾಯಿ ಠೇವಣಿ,
ಖಾಲಿ ತಂದವರಿಗೆ ವಾಪಸ್ಸು.

ಇಷ್ಟೇ ಕಾನೂನು. ಇಷ್ಟಕ್ಕೆ ಏಳು ಸಭೆ.
ಚಿಕ್ಕಬಳ್ಳಾಪುರದಿಂದ ಬಂದವರೊಬ್ಬರು ಗಾಜಿನ ಸೇತುವೆ ಅಂದರು,
ಇನ್ನೊಬ್ಬರು ತಂತಿಯ ತೊಟ್ಟಿಲು,
ನೆತ್ತಿಯಲ್ಲಿ ಐವತ್ತು ಕೋಣೆ, ಪಕ್ಕಕ್ಕೊಂದು ಈಜುಕೊಳ.
ನೀರು? ಎಂದಳು ಕುರಿ ಕಾಯುವ ಪಿಳ್ಳಮ್ಮ,
ಎದ್ದು ನಿಂತೂ ಅಲ್ಲ, ಕೂತಲ್ಲಿಂದಲೇ.
ಬೋರು, ಎಂದರು.
ಸಾವಿರದ ಇನ್ನೂರಡಿ ಇಳಿದು ಬರೀ ದೂಳು ಕಕ್ಕಿದ
ಬೋರುಗಳ ಊರು ನಮ್ಮದು. ಎಲ್ಲರೂ ನಕ್ಕರು.
ಆ ನಗುವೇ ಈ ಗೇಟಿಗೆ ಅಡಿಪಾಯ.

ಆಂಟಿ, ಸನ್‌ರೈಸ್ ಗ್ಯಾರಂಟಿನಾ?
ಅದಕ್ಕೆ ಠೇವಣಿ ತಗೊಳ್ಳಲ್ಲಪ್ಪ,
ಮೋಡ ಬಂದರೆ ಮೋಡ ನೋಡು.

ಇಳಿದು ಬರುವವರ ಮುಖ ನನಗೆ ಬಾಯಿಪಾಠ.
ಮಂಡಿ ನಡುಗುತ್ತಿರುತ್ತದೆ, ತೋಳಿಗೆ ಮುಳ್ಳು ಗೀಚಿರುತ್ತದೆ,
ಆದರೂ ಏನೋ ಕದ್ದು ತಂದವರ ಹಾಗೆ ಬಂದು
ನಮ್ಮ ಸಂಘದ ಮುತ್ತುಗದೆಲೆ ಉಪ್ಪಿಟ್ಟಿಗೆ ಕೂರುತ್ತಾರೆ.
ಎರಡು ವರ್ಷ ಆ ಮುಖಗಳಲ್ಲೇ
ಸೂರ್ಯ ಹುಟ್ಟುವುದನ್ನು ನೋಡಿದ್ದೇನೆ.

ಕಾರ್ತಿಕದ ಒಂದು ಭಾನುವಾರ, ನಾಲ್ಕೂವರೆ.
ಪುಸ್ತಕದಲ್ಲಿ ಇನ್ನೂರ ತೊಂಬತ್ತೊಂಬತ್ತು.
ರಸ್ತೆ ಖಾಲಿ. ದೂರ ಹೆದ್ದಾರಿಯಲ್ಲಿ
ಸೇವಂತಿಗೆ ಹೇರಿದ ಟೆಂಪೋಗಳ ದೀಪ.
ಒಂದು ಉಳೀತಲ್ಲ, ಎಂದ ಗಂಗುಲಪ್ಪ ನನ್ನ ಕಡೆ ನೋಡದೆ.
ನೀನೇ ಹೋಗಿ ಬಾ ಮುನಿಲಕ್ಷ್ಮಕ್ಕ,
ಪುಸ್ತಕ ನಾ ನೋಡ್ಕಂತೀನಿ.

ನನ್ನ ಬಾಟಲಿಗೂ ಚೀಟಿ ಅಂಟಿಸಿದೆ,
ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ಇಟ್ಟೆ.

ಚಿಕ್ಕಂದಿನಲ್ಲಿ ಸೌದೆಗೆ ಹತ್ತಿದ ಬೆಟ್ಟ.
ನೆಲ ನೋಡುತ್ತಾ ಹತ್ತಿದ್ದು, ನೆಲ ನೋಡುತ್ತಾ ಇಳಿದದ್ದು.
ಹೊರೆ ಹೊತ್ತವರಿಗೆ ಆಕಾಶ ಇರುವುದಿಲ್ಲ.
ಈಗ ಬರಿಗೈ; ಏನು ಮಾಡಬೇಕೋ ತಿಳಿಯದೆ ಅದು
ದಾರಿಯುದ್ದಕ್ಕೂ ಸೀತಾಫಲದ ಎಲೆ ಚಿವುಟಿತು.

ದೊಣೆಯ ಪಕ್ಕ, ಬಂಡೆಸಂದಿನಲ್ಲಿ, ಏನೋ ಮಿನುಗಿತು.
ಬಾಟಲಿ.
ಮೇಲೆ ನನ್ನದೇ ಕೈಬರಹ: ೧೧೭,
ಹೋದ ಶ್ರಾವಣದ ತಾರೀಖು.
ನೆನಪಾದ ಹುಡುಗ, ಒದ್ದೆ ಜರ್ಕಿನ್ನು,
ನಿನ್ನ ಇಪ್ಪತ್ತು ನೀನೇ ಇಟ್ಕೊ ಎಂದಿದ್ದ.
ನಾನು ಇಟ್ಟುಕೊಂಡಿರಲಿಲ್ಲ.
ಬೆಟ್ಟ ಇಟ್ಟುಕೊಂಡಿತ್ತು.

ಭುಜದವರೆಗೆ ಕೈ ತೂರಿಸಿ ಎಳೆದೆ.
ಒಳಗೆ ಹಿಡಿ ಮಣ್ಣು, ಪಾಚಿ, ದಾರದಷ್ಟು ಒಂದು ಹುಲ್ಲು,
ಬಿಳಿ ಮೊಟ್ಟೆ ಕಚ್ಚಿಕೊಂಡು ಓಡಾಡುವ ಇರುವೆ.
ತುಂಬಿದ ಸಂಸಾರ.

ತೆಗೆಯಲೋ ಬಿಡಲೋ?
ಏಳು ಸಭೆಯಲ್ಲೂ ಇದು ಬಂದಿರಲಿಲ್ಲ.
ಬಾಟಲಿಯ ಬಾಯಿ ಬಂಡೆಗೆ ಒರಗಿಸಿ, ಓರೆ ಹಿಡಿದು, ಕೂತೆ.
ಒಂದೊಂದೇ ಇಳಿದವು ಸಂದಿಗೆ,
ಬಾಡಿಗೆ ಮನೆ ಬಿಡುವವರ ಹಾಗೆ ಸಾಮಾನು ಹೊತ್ತು,
ಬೈಯುತ್ತಲೂ ಇದ್ದಿರಬೇಕು.
ಮೇಲೆ ನೆತ್ತಿಯಲ್ಲಿ ಜನ ಹೋ ಎಂದು ಕೂಗಿದರು.
ನನ್ನ ಮೊಣಕೈ ಮೇಲೆ ಕೆಂಪು ಬಿತ್ತು,
ಆಮೇಲೆ ಹಳದಿ,
ಆಮೇಲೆ ಬರೀ ಬಿಸಿಲು.
ಇನ್ನೂ ನಾಲ್ಕೈದು ಇರುವೆ ಬಾಕಿ ಇದ್ದವು.

ಇಳಿದು ಬಂದಾಗ ಗಂಗುಲಪ್ಪ ನನ್ನ ಮುಖ ನೋಡಿದ,
ನಾನು ಅವರೆಲ್ಲರದು ನೋಡುವ ಹಾಗೆ.
ಕಾಣಿಸ್ತಾ?
ಹಸಿವಾಗ್ತಿದೆ, ಎಂದೆ.

ಪುಸ್ತಕದ ಹಳೆಯ ಪುಟ ತಿರುವಿ ಆ ಸಾಲು ಹುಡುಕಿದೆ.
ಠೇವಣಿ ಹಿಂಪಡೆದವರ ಸಹಿ,
ಅಲ್ಲಿ ಪೆನ್ನು ನಿಂತಿತು.
ಬೆಟ್ಟಕ್ಕೆ ಓದು ಬರಹ ಬಾರದು, ಇರುವೆಗೂ ಬಾರದು,
ನನ್ನದು ಹಾಕಿದರೆ ಸುಳ್ಳಾಗುತ್ತದೆ.
ಅಷ್ಟರಲ್ಲಿ ಇಪ್ಪತ್ತಾರನೆಯವನು ಖಾಲಿ ಬಾಟಲಿ ಚಾಚಿ,
ಆಂಟಿ, ಬೇಗ, ಎಂದ.