ಗಾಜು ಬಿದ್ದ ಕಡೆ

ಅಗಲ ಇಪ್ಪತ್ತೆರಡು ಇಂಚು, ಎತ್ತರ ಮೂವತ್ತಾರು.
ಅಂಗೈ ಮೇಲೆ ಬರೆದುಕೊಂಡೆ,
ಚೀಟಿ ಗಾಡಿಯಲ್ಲೇ ಉಳಿದಿತ್ತು.
ಮುದುಕ ವರ್ಲಿನ್ ಸ್ಟ್ರೌಡ್ ಒಳಗಿನಿಂದಲೇ ಕೂಗಿದ:
"ಈ ಸಲ ದಪ್ಪನೆಯದು ಹಾಕು, ಲೈಲ್.
ಒಡೆದರೂ ಉದುರಬಾರದು."
ಕಾಫಿ ಬೇಕಾ ಎಂದ.
ಬೇಡ ಎಂದೆ. ಬೇಕಿತ್ತು.

ಆ ವಾರ ಒಕ್ಲಹೋಮಾದ ನಮ್ಮ ಮೂಲೆಯಲ್ಲಿ
ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ
ತಂತಿಗಳು ತಮ್ಮ ಭಾರಕ್ಕೆ ತಾವೇ ಕಡಿದು
ಒಂಬತ್ತು ರಾತ್ರಿ ಊರಿಗೆ ಊರೇ ಕತ್ತಲು.
ಜನರೇಟರ್ ಇದ್ದವರ ಮನೆ ಮಾತ್ರ
ಅರ್ಧ ಮೈಲಿಗೆ ಕೇಳುತ್ತಿತ್ತು,
ಉಂಡವರ ಗೊರಕೆಯ ಹಾಗೆ.
ಆರನೆಯ ರಾತ್ರಿ ವರ್ಲಿನ್ನನ ಜಗಲಿಯಲ್ಲಿ
ಗೊರಕೆ ನಿಂತಿತು.
ಆಮೇಲೆ ಒಂದೇ ಒಂದು ಸದ್ದು.

ಬ್ರೇಲನ್ ಪ್ರೂಯಿಟ್. ಹತ್ತೊಂಬತ್ತು.
ಜೇಬಲ್ಲಿ ಒಂದು ಸ್ಪ್ಯಾನರ್,
ತಂಗಿಯ ಒಂಟಿ ಕೈಗವಸು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ?
ಮೇವಿನಂಗಡಿಯಲ್ಲಿ ಮೂಟೆಯ ಮೇಲೆ ಕೂತವರು
"ನನ್ನ ಹೊಸ್ತಿಲು ನನ್ನದು" ಎಂದರು,
ಯಾರೋ ಅದನ್ನು ಕೇಳಿದ್ದರೆಂಬಂತೆ.
ಕ್ಷೌರದ ಕುರ್ಚಿಯಿಂದ ಒಬ್ಬ: "ಕಾಲಿಗೆ ಹೊಡೆಯಬಹುದಿತ್ತು."
ಕತ್ತರಿ ಒಂದು ಗಳಿಗೆ ನಿಂತು, ಮತ್ತೆ ಆಡಿತು.
ಶೆರಿಫ್ ಹೇಳಿದ, ಕೇಸೇ ಇಲ್ಲ.
ಪಾದ್ರಿಯ ಪ್ರವಚನಕ್ಕೆ
ಎರಡೂ ಕಡೆಯವರು ತಲೆದೂಗಿದರು.
ನರ್ಸ್ ಓಪಲ್ ಮಾತ್ರ
"ಎಂಟುನೂರು ಡಾಲರಿನ ಯಂತ್ರ ಅದು" ಎಂದಳು.
ಅಷ್ಟೇ ಅಂದಳು.
ಯಾರ ಪರ ಅಂದಳೋ
ಇವತ್ತಿಗೂ ತಿಳಿದಿಲ್ಲ.

ವರ್ಲಿನ್ನನ ಮನೆಗೆ ಹೋದ ಊಟದ ತಟ್ಟೆ ಹದಿನಾಲ್ಕು.
ಪ್ರೂಯಿಟ್ಟರ ಟ್ರೇಲರಿಗೆ ಎರಡು.
ಅದರಲ್ಲೊಂದು ನನ್ನ ಹೆಂಡತಿಯದು.
ಮುಸ್ಸಂಜೆಯಲ್ಲಿ ಹೋದಳು,
ತಿರುವಿನಲ್ಲೇ ಕಾರಿನ ದೀಪ ಆರಿಸಿ.

ಮೊದಲು ಹುಡುಗ ಬಾಗಿಲು ದೂಡಿದ್ದ.
ಬುಧವಾರದ ಹೊತ್ತಿಗೆ ಒಂದು ಕಾಲು ಒಳಗಿಟ್ಟಿದ್ದ.
ಶುಕ್ರವಾರ ಅಡುಗೆಮನೆಯವರೆಗೂ ಬಂದಿದ್ದ.
ಭಾನುವಾರ ಕೈಯಲ್ಲಿ ಚಾಕು.
ಸತ್ತ ಮೇಲೆ ಹೀಗೆ ಅವನು
ಬಾಯಿಂದ ಬಾಯಿಗೆ ದಾಟುತ್ತ
ದಿನಕ್ಕೊಂದು ಹೆಜ್ಜೆ ಒಳಗೆ ಬಂದ.

ನನ್ನದು ಮೂವತ್ತೊಂದು ವರ್ಷದ ಕಸುಬು.
ಕಲ್ಲೋ, ಚೆಂಡೋ, ಗಂಡಹೆಂಡಿರ ಜಗಳವೋ,
ಹೊಡೆದವರು ಎಲ್ಲಿ ನಿಂತಿದ್ದರೆಂದು
ಗಾಜು ಹೇಳುತ್ತದೆ. ಅದಕ್ಕೆ ಪಕ್ಷ ಇಲ್ಲ.
ಚೂರುಗಳೆಲ್ಲ ಹೊರಗೆ:
ಜಗಲಿಯಲ್ಲಿ, ಮೆಟ್ಟಿಲ ಸಂದಿನಲ್ಲಿ,
ಕರಗುತ್ತಿದ್ದ ಮಂಜುಗಡ್ಡೆಯ ನಡುವೆ
ಯಾವುದು ಯಾವುದೆಂದು ತಿಳಿಯದೆ
ಎರಡು ಸಲ ಕೈ ಕುಯ್ದುಕೊಂಡೆ.
ಒಳಗೆ, ಚಾಪೆಯ ಮೇಲೆ, ನಾಲ್ಕು.
ಹಾಕಿದ ಚಿಲಕ ಹಾಕಿದಂತೆಯೇ ಇತ್ತು.

ಯಾರೂ ನನ್ನನ್ನು ಕೇಳಲಿಲ್ಲ.
ಗಾಜು ಕೂರಿಸುವವನನ್ನು ಯಾರು ಕೇಳುತ್ತಾರೆ?
ನಾನೇ ಹೇಳಬಹುದಿತ್ತು, ಹೌದು.
ಆದರೆ ಎಂಟನೆಯ ರಾತ್ರಿ ನಮ್ಮ ಶೆಡ್ಡಿನಲ್ಲಿ
ಏನೋ ಕರಕರ ಎಂದಾಗ
ಹಿತ್ತಿಲ ಬಾಗಿಲ ಹಿಂದೆ
ಅಪ್ಪನ ಬಂದೂಕು ಹಿಡಿದು ನಿಂತಿದ್ದೆನಲ್ಲ.
ರಕೂನ್ ಅದು.
ರಕೂನ್ ಎಂದು ತಿಳಿಯುವ ಮೊದಲಿನ
ಆ ಮೂರು ಉಸಿರಲ್ಲಿ
ನಾನೂ ಈ ಊರಿನವನೇ,
ಬೆರಳು ಎಲ್ಲಿತ್ತೆಂದು ಹೆಂಡತಿಗೆ ಹೇಳಿಲ್ಲ.

ಹೊಸ ಗಾಜು ಕೂತಿತು. ಅಂಚಿಗೆ ಪುಟ್ಟಿ ಮೆತ್ತಿ
ಹೆಬ್ಬೆರಳಲ್ಲಿ ಎಳೆಯುತ್ತಿದ್ದಾಗ
ವರ್ಲಿನ್ ಆಚೆ ಬದಿಗೆ ಬಂದು ನಿಂತ,
ಪೈಜಾಮದಲ್ಲಿ, ಗಡ್ಡ ಬೋಳಿಸಿರಲಿಲ್ಲ.
ಗಾಜು ತೆಳುವೋ ದಪ್ಪವೋ ನೋಡುವಂತೆ
ಹಣೆ ಹತ್ತಿರ ತಂದ. ಮಾತು ಸಣ್ಣಗೆ ಕೇಳಿಸಿತು:

"ನೀನು ನೋಡಿದೆಯಲ್ಲ ಲೈಲ್,
ಅವನು ಒಳಗೆ ಬಂದಿದ್ದ. ಅಲ್ವಾ?"

ಅವನ ಉಸಿರು ಗಾಜಿನ ಮೇಲೆ
ಒಂದು ಬಿಲ್ಲೆಯಷ್ಟು ಮಬ್ಬು ಮೂಡಿಸಿ
ಮಾಯುತ್ತಿತ್ತು, ಮೂಡುತ್ತಿತ್ತು.

ಪುಟ್ಟಿ ಒಣಗಲು ಒಂದು ವಾರ ಬೇಕು ಎಂದೆ.
ಅಲ್ಲಿಯವರೆಗೆ
ಬಾಗಿಲು ಜೋರಾಗಿ ಹಾಕಬೇಡ.