ಯಾ ಕಡೀದು

ಸಿಂಧನೂರಿನ ನಾಡಕಚೇರಿಯಲ್ಲಿ ಗುಮಾಸ್ತ
ಅರ್ಜಿ ನೋಡಿದ, ಮುಖ ನೋಡಿದ, ಮತ್ತೆ ಅರ್ಜಿ.
"ಹೆಸರು ಶೆಂಬಗವಲ್ಲಿ. ಮಾತು ನಮ್ದಾ ಐತಿ.
ಮಾರಿ ಯಾ ಕಡೀದವಾ ಇದು?"

ಈ ಮಾರಿ, ಸಾಹೇಬ್ರ,
ರಂಗೂನಿನಿಂದ ಹಡಗು ಹತ್ತಿ ಬಂದದ್ದು,
ನಮ್ಮ ತಾತನ ಪಕ್ಕ, ದಾರಿಯುದ್ದ ವಾಂತಿ ಮಾಡಿಕೊಳ್ಳುತ್ತ.
ಮಾ ಟಿನ್ ಅಂತ ಹೆಸರಿತ್ತು ಅದಕ್ಕೆ.
ರೇಷನ್ ಕಾರ್ಡು ಬರೆದವನಿಗೆ ಅದೊಂದು ಹೆಸರು ಅನ್ನಿಸದೆ
ಮೀನಾಕ್ಷಿ ಎಂದು ತಿದ್ದಿದ.
ಆಕೆ ಬೇಡ ಅನ್ನಲಿಲ್ಲ.
ಬೇಡ ಅನ್ನುವುದಕ್ಕೆ ಕನ್ನಡ ಬರುತ್ತಿರಲಿಲ್ಲ.

ಇದ್ಯಾವುದನ್ನೂ ನಾನು ಹೇಳಲಿಲ್ಲ.
"ಕ್ಯಾಂಪಿನಾಕಿರೀ" ಅಂದೆ.
"ಹಾಂ, ಹಂಗನ್ನು" ಅಂತ ಪೆನ್ನಿನ ಮುಚ್ಚಳ ತೆಗೆದ.

ಶಾಲೆಯಲ್ಲಿ ಚೀನಿ.
ಬಸ್‌ಸ್ಟ್ಯಾಂಡಿನಲ್ಲಿ ನೇಪಾಳಿ; ಬ್ಯೂಟಿ ಪಾರ್ಲರು ಎಲ್ಲಿದೆ ಎಂದು
ಗೊತ್ತಿಲ್ಲದವರೂ ನನ್ನನ್ನೇ ಕೇಳುತ್ತಾರೆ.
ಮದ್ರಾಸಿನ ನೆಂಟರಿಗೆ ಬರ್ಮಾಕ್ಕಾರಿ.
ಆ ರೋಗ ಬಂದ ವರ್ಷ ಸಂತೆಯಲ್ಲಿ ಹುಲಿಗೆಮ್ಮ
ಸೆರಗು ಮೂಗಿಗೆ ಹಿಡಿದು ಚಿಲ್ಲರೆಯನ್ನು ನೆಲಕ್ಕಿಟ್ಟಳು.
ನನ್ನ ಬಾಣಂತನಕ್ಕೆ ಅಂಟಿನುಂಡಿ ಕಟ್ಟಿ ತಂದವಳು ಅವಳೇ.
ನಾನು ಬಗ್ಗಿ ಆರಿಸಿಕೊಂಡೆ.
ಬದನೆಕಾಯಿ ಎಳೆಯವೇ ಇದ್ದವು.

ಅಜ್ಜಿ ಕಾಲುವೆ ದಂಡೆಯಲ್ಲಿ ಒಂದು ಬೇಲದ ಮರ ಕಂಡು
ಅದರ ಕಾಂಡ ತಬ್ಬಿ ನಿಂತಿದ್ದಳಂತೆ, ಬಂದ ಹೊಸದರಲ್ಲಿ.
ಊರಿಗೆ ಅದರ ಕಾಯಿ ಗೊತ್ತು, ಬೆಲ್ಲದ ಪಾನಕ ಗೊತ್ತು.
ಅವಳಿಗೆ ಗೊತ್ತಿದ್ದದ್ದು ತೊಗಟೆ.
ಸಾಣೆಕಲ್ಲಿನ ಮೇಲೆ ತೇದು, ನೀರು ಚಿಮುಕಿಸಿ,
ನನ್ನ ಎರಡೂ ಕೆನ್ನೆಗೆ ಹಳದಿ ಎಲೆ ಬರೆಯುತ್ತಿದ್ದಳು.
ತಂಪು. ಒಣಗಿದ ಮೇಲೆ ಚರ್ಮ ಬಿಗಿಯುವುದು.
ನಗಬೇಡ, ಒಡೆಯುತ್ತದೆ, ಅನ್ನುತ್ತಿದ್ದಳು,
ಯಾವ ಭಾಷೆಯಲ್ಲಿ ಅಂತ ಈಗ ನೆನಪಿಲ್ಲ.
ಶಾಲೆಯ ಗೇಟಿನ ನಳದಲ್ಲಿ ದಿನಾ ತೊಳೆದುಕೊಳ್ಳುತ್ತಿದ್ದೆ.
ಅವಳಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

"ವಾರ ಬಿಟ್ಟು ಬಾರವಾ" ಅಂದ ಗುಮಾಸ್ತ. ಒಳ್ಳೆಯವನೇ.
ಕುಡಿಯಲು ನೀರು ಕೊಟ್ಟ.
ಬರುವಾಗ ಅಕ್ಕಿ ಮಿಲ್ಲಿನ ಮುಂದೆ ಲಾರಿ ಅಡ್ಡ ನಿಂತಿತ್ತು,
ಗಂಗಾವತಿ ರಸ್ತೆಯ ಬಿಸಿಲು ನೆತ್ತಿ ಸುಡುತ್ತಿತ್ತು,
ಚೀಲ ಹೊತ್ತವನಿಗೆ ಕೂಗಿದೆ:
"ಏ ಬಿಹಾರಿ, ಸರಿಯೋ ಆಕಡಿ!"

ಆತ ಒಡಿಶಾದವನಂತೆ. ಆಮೇಲೆ ತಿಳಿಯಿತು.
ಆದರೂ ತಿರುಗಿದ.
ಹಾಗೆ ತಿರುಗುವುದು ನನಗೆ ಗೊತ್ತು:
ಕರೆದದ್ದು ತನ್ನ ಹೆಸರಲ್ಲ ಎಂದು ತಿಳಿದೂ
ಕತ್ತು ಹೊರಳುತ್ತದೆ,
ಬೆನ್ನ ಮೇಲೆ ಐವತ್ತು ಕಿಲೋ ಇದ್ದಾಗಲೂ.