ಅಳತೆಯ ಬಳೆ

ನಮ್ಮೂರು ಪೊರ್ತೋವೆಲ್ಲೋ, ಭೂಪಟದಲ್ಲಿ
ಗಲೀಶಿಯಾದ ಅಂಚಿಗಂಟಿದ ಒಂದು ನೊಣದ ಹಿಕ್ಕೆ.
ಒಂದು ಇಗರ್ಜಿ, ಎರಡು ಹೆಂಡದಂಗಡಿ,
ಕಲ್ಲುಗಾಲಿನ ಮೇಲೆ ನಿಂತ ಜೋಳದ ಕಣಜಗಳು,
ಹಿಂದೆ ಗುಡ್ಡದ ತುಂಬ ನೀಲಗಿರಿ,
ಮುಂದೆ ದಿನಕ್ಕೆರಡು ಸಲ ಹೊಲ ಬಿಟ್ಟುಕೊಡುವ ಕಡಲು.

ಗಂಡಸರಿಗೆ ದೋಣಿ, ಹೆಂಗಸರಿಗೆ ಕೆಸರು.
ಬಗ್ಗಿ ಹಲ್ಲುಗೋಲು ಎಳೆದರೆ
ಮರುವಾಯಿ ಟಕ್ಕೆನ್ನುತ್ತದೆ.
ಕಲ್ಲಿನ ಟಕ್ಕು ಬೇರೆ. ಆ ಭೇದ ಕಿವಿಗೆ ಹತ್ತಲು
ನನಗೆ ಎರಡು ಚಳಿಗಾಲ ಹಿಡಿಯಿತು.
ಕಲಿಸಿದವಳು ದೊರಿಂಡಾ.

ಸೊಂಟಕ್ಕೆ ದಾರ ಕಟ್ಟಿ ತೂಗುಬಿಟ್ಟ ಹಿತ್ತಾಳೆ ಬಳೆ
ಅವಳು ತಂದ ಕಾನೂನು:
ಬಳೆಯೊಳಗೆ ನುಸುಳಿದ ಚಿಪ್ಪು ಇನ್ನೂ ಕೂಸು,
ಕಡಲಿಗೆ ವಾಪಸ್. ಸಿಕ್ಕಿಕೊಂಡದ್ದು ನಮ್ಮದು.
ತಲೆಗೆ ಮೂರು ಕಿಲೋ, ಮೇಲೆ ಒಂದೂ ಇಲ್ಲ.
ಬಿಷಪ್ಪರ ತಂಗಿ ಕೇಳಿದರೂ ಇಲ್ಲ ಅಂದವಳು.

ಹೋದ ಚಳಿಗಾಲ ಮೂವತ್ತೊಂದು ದಿನ ಮಳೆ.
ಮೇಲಿನ ಅಣೆಕಟ್ಟಿನವರು ಬಾಗಿಲು ತೆಗೆದರು.
ಬೇಸಿಗೆಯಲ್ಲಿ ಉರಿದ ನೀಲಗಿರಿಯ ಬೂದಿ
ಹೊಳೆಗುಂಟ ಇಳಿದು ಬಂತು.
ಸಿಹಿನೀರು ಕುಡಿದು ಸಾಯುವ ಜೀವವೂ ಉಂಟು ಲೋಕದಲ್ಲಿ:
ದಡದುದ್ದಕ್ಕೂ ಬಾಯ್ದೆರೆದ ಚಿಪ್ಪು,
ಕಾಲಿಟ್ಟಲ್ಲೆಲ್ಲ ಮುರಿದ ಪಿಂಗಾಣಿ.
ಸಂಘ ಕೂತು ಬರೆಯಿತು,
ಆರು ತಿಂಗಳು ಯಾರೂ ಇಳಿಯಕೂಡದು.
ಉಳಿದ ಹಿಡಿ ಬೀಜಕ್ಕೆ ರಾತ್ರಿ ಕಾವಲು, ಸರದಿಯಂತೆ.

ನನ್ನ ಸರದಿ ಒಬ್ದೂಲಿಯಾಳ ಜೊತೆ.
ಅವಳ ಥರ್ಮಾಸು, ಅವಳ ಮೊಣಕಾಲು ನೋವು,
ಅಳಿಯನ ಮೇಲೆ ಅವಳ ಎಂದೂ ಮುಗಿಯದ ದೂರು.
ಇಳಿತ ಮೂರು ಹತ್ತಕ್ಕೆ.
ಹಳೆ ಜೆಟ್ಟಿಯ ಆಚೆ ಬೆಳಕಿಲ್ಲದೆ ಏನೋ ಅಲುಗಿತು.
ಟಾರ್ಚು ಹಾಕುವ ಮೊದಲೇ ನನಗೆ ಗೊತ್ತಾಗಿತ್ತು.
ಬೆನ್ನಿಗೂ ಒಂದು ಕೈಬರಹವಿರುತ್ತದೆ.

ದೊರಿಂಡಾ ಓಡಲಿಲ್ಲ.
ಓಡುವ ವಯಸ್ಸೂ ಅಲ್ಲ, ಓಡಿಸುವ ಕೆಸರೂ ಅಲ್ಲ.
ಬಕೆಟ್ಟು ನಮ್ಮ ಮುಂದಿಟ್ಟು, ಮೂಗೊರೆಸಿ,
"ಹೂಂ, ಅಳೆಯಿರಿ" ಅಂದಳು.

ಅಳೆದೆವು, ಮರಗಟ್ಟಿದ ಬೆರಳಲ್ಲಿ ಒಂದೊಂದೇ.
ಎಂಬತ್ತೇಳು ಚಿಪ್ಪು.
ಒಂದಾದರೂ ನುಸುಳೀತೆಂದು, ನುಸುಳಲೆಂದು,
ನುಸುಳಿದರೆ ಬೈಯಲು ಸಲೀಸೆಂದು ಕಾದೆ.
ಒಂದೂ ನುಸುಳಲಿಲ್ಲ.
ಕತ್ತಲಲ್ಲಿ, ಕದಿಯುವ ಕೈಯಲ್ಲೇ
ಬಳೆ ಹಿಡಿದು ಆರಿಸಿದ್ದಳು ಮುದುಕಿ.

ಒಬ್ದೂಲಿಯಾ ನನ್ನ ಮುಖ ನೋಡಿದಳು,
ನಾನು ಅವಳ ಥರ್ಮಾಸನ್ನು.
ಯಾಕೆ ಅಂತ ಕೇಳಲಿಲ್ಲ. ಅಂಗಡಿ ಸಾಲವೋ,
ಒಲೆಗೆ ಗ್ಯಾಸೋ, ಏನೋ ಒಂದು. ಊರು ಸಣ್ಣದು,
ಯಾರ ಮನೆಯ ಪಾತ್ರೆ ಬೋರಲಾಗಿದೆಯೆಂದು
ಯಾರೂ ಹೇಳಬೇಕಿಲ್ಲ.

ಪುಸ್ತಕ ತೆರೆದು ಬರೆದೆ: ಹೆಸರು, ಹೊತ್ತು, ಎರಡು ಕಿಲೋ.
ಕನ್ನಡಕವಿಲ್ಲದೆ ಹಾಳೆಯನ್ನು ದೂರ ಹಿಡಿದು ಓದಿದಳು.
"ಎರಡೂಕಾಲು" ಅಂದಳು. "ಸರಿಯಾಗಿ ಬರಿ."
ತಿದ್ದಿದೆ. ಸಹಿ ಹಾಕಿದಳು.

ಆಮೇಲೆ ಮೂವರೂ ಬಗ್ಗಿ
ಎಂಬತ್ತೇಳನ್ನೂ ಮರಳಲ್ಲಿ ಮತ್ತೆ ಹೂತೆವು,
ಬಾಯಿ ಮೇಲಾಗಿ, ಅವಳು ಕಲಿಸಿದ ಹಾಗೆ.
ನೀರು ಆಗಲೇ ಬೂಟಿನ ಹಿಮ್ಮಡಿಗೆ ಬಂದಿತ್ತು.
ಒಬ್ದೂಲಿಯಾ ಅಳಿಯನ ಸುದ್ದಿ ಮತ್ತೆ ಶುರು ಮಾಡಿದಳು.